ಮಳೆಗಾಲದಲ್ಲಿ ಟೇಬಲ್ ಸಾ ಮೇಜು ನುಣುಪಾಗಿ ಉಳಿಯಬೇಕಾದರೆ ಏನು ಹಚ್ಚಬೇಕು?

ವಸಾಯಿ ಮರಗೆಲಸ

ಎಲ್ಲರಿಗೂ ನಮಸ್ಕಾರ. ವಸಾಯಿ ಪೂರ್ವದಲ್ಲಿ ನಮ್ಮದೊಂದು ಚಿಕ್ಕ ವರ್ಕ್‌ಶಾಪ್ ಇದೆ. ದೇವರ ಮಂಟಪ, ಅಡುಗೆಮನೆಯ ಕಪಾಟು, ಬಾಗಿಲ ಚೌಕಟ್ಟು ಮಾಡಿಕೊಡುತ್ತೇವೆ. ಬೇಸಿಗೆಯಲ್ಲಿ ಹತ್ತು ಇಂಚಿನ ಬ್ಲೇಡಿನ ಹಳೆಯ ಟೇಬಲ್ ಸಾ (ಮೇಜಿನ ನಡುವಿನ ಸೀಳಿನಿಂದ ದುಂಡು ಗರಗಸ ಮೇಲೆ ಬರುವ ಮಷಿನ್) ಒಂದನ್ನು ಕೊಂಡೆವು. ಮೇಜು ಬೀಡು ಕಬ್ಬಿಣದ್ದು, ಒಳ್ಳೆಯ ತೂಕದ್ದು. ಮೇ ಮುಗಿಯುವವರೆಗೆ ಹಲಗೆ ಅದರ ಮೇಲೆ ಸಲೀಸಾಗಿ ಜಾರುತ್ತಿತ್ತು. ಮಳೆ ಹಿಡಿದ ಮೇಲೆ, ಬೆಳಿಗ್ಗೆ ಶಟರ್ ಎತ್ತಿದರೆ ಮೇಜಿನ ತುಂಬ ಸಣ್ಣ ಸಣ್ಣ ಕಂದು ಚುಕ್ಕೆಗಳು. ಸಾಗುವಾನಿ ಹಲಗೆಯನ್ನು ತಳ್ಳುವಾಗ ಬ್ಲೇಡಿನ ಮುಂದೆ ಒಂದೆಡೆ ತಡೆದು ನಿಂತಂತಾಗುತ್ತದೆ, ಜೋರಾಗಿ ತಳ್ಳಿದರೆ ಥಟ್ಟನೆ ಮುಂದೆ ಹೋಗುತ್ತದೆ.

ಒಬ್ಬರು ಕೊಬ್ಬರಿ ಎಣ್ಣೆ ಹಚ್ಚು ಎನ್ನುತ್ತಾರೆ, ಒಬ್ಬರು ಗ್ರೀಸ್ ಎನ್ನುತ್ತಾರೆ, ಪಕ್ಕದ ಗ್ಯಾರೇಜಿನವರು ಕಾರ್ ಪಾಲಿಶ್ ಕೊಡುತ್ತೇನೆ ಎನ್ನುತ್ತಾರೆ. ನಮ್ಮ ಕೆಲಸದಲ್ಲಿ ಹೆಚ್ಚಿನದು ವೆನೀರ್ (ತೆಳ್ಳನೆಯ ಮರದ ಹಾಳೆ) ಮೇಲೆ ಮೆಲಮೈನ್ ಪಾಲಿಶ್ (ಸ್ಪ್ರೇ ಹೊಡೆಯುವ ಗಟ್ಟಿ ಲೇಪ). ಮರಕ್ಕೆ ಕಲೆ ಹತ್ತಬಾರದು. ಏನು ಮಾಡಬೇಕು, ತಿಳಿದವರು ಹೇಳಿ.

ರೇ ರೋಡ್ ಆಚಾರಿ

ಮೊದಲು ಕಾರ್ ಪಾಲಿಶ್ ಮಾತು ಮುಗಿಸೋಣ. ಬೇಡವೇ ಬೇಡ. ಕಾರ್ ಪಾಲಿಶ್‌ಗಳಲ್ಲಿ ಬಹಳಷ್ಟಕ್ಕೆ ಸಿಲಿಕೋನ್ ಬೆರೆಸಿರುತ್ತಾರೆ. ಮೇಜಿಗೆ ಹಚ್ಚಿದ ಸಿಲಿಕೋನ್ ಹಲಗೆಯ ಅಡಿಗೆ ಹತ್ತುತ್ತದೆ, ಅಲ್ಲಿಂದ ನಿಮ್ಮ ಕೈಗೆ, ಕೈಯಿಂದ ಎಮರಿ ಕಾಗದಕ್ಕೆ. ಆಮೇಲೆ ಮೆಲಮೈನ್ ಸ್ಪ್ರೇ ಹೊಡೆದಾಗ ಪಾಲಿಶ್ ಅಲ್ಲಲ್ಲಿ ಹಿಂದೆ ಸರಿದು ದುಂಡನೆಯ ಕುಳಿಗಳಾಗುತ್ತವೆ. ಕುಳಿಯ ಸುತ್ತ ದಪ್ಪ ಅಂಚು, ನಡುವೆ ಬರಿಯ ಮರ. ಪಾಲಿಶ್‌ನವರು ಇದಕ್ಕೆ ಫಿಶ್ ಐ ಎನ್ನುತ್ತಾರೆ. ಉಜ್ಜಿ ಮತ್ತೆ ಹೊಡೆದರೂ ಹೋಗುವುದಿಲ್ಲ, ಉಜ್ಜುವ ಕಾಗದವೇ ಅದನ್ನು ಇನ್ನಷ್ಟು ಹರಡುತ್ತದೆ. ಪಾಲಿಶ್ ಮಾಡುವ ಮರ ಓಡಾಡುವ ವರ್ಕ್‌ಶಾಪಿನೊಳಗೆ ಸಿಲಿಕೋನ್ ಸ್ಪ್ರೇ ಡಬ್ಬಿಯೂ ಇರಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಗ್ರೀಸ್ ಹಚ್ಚಿದರೆ ಮರದ ಹುಡಿ ಅಂಟಿಕೊಂಡು ಅರ್ಧ ದಿನದಲ್ಲಿ ಕರಿ ಕೆಸರಾಗುತ್ತದೆ.

ಹಚ್ಚಬೇಕಾದದ್ದು ಮೇಣ. ಗಟ್ಟಿ ಪೇಸ್ಟ್ ರೂಪದ, ಬಣ್ಣವಿಲ್ಲದ, ಸಿಲಿಕೋನ್ ಇಲ್ಲದ ಮೇಣ. ಮರದ ಪೀಠೋಪಕರಣಕ್ಕೆ ಹಚ್ಚುವ ಪೇಸ್ಟ್ ವ್ಯಾಕ್ಸ್ ಇದೆಯಲ್ಲ, ಅದೇ. ಡಬ್ಬಿಯ ಮೇಲೆ ಕಾರ್ನೌಬಾ (ತಾಳೆ ಜಾತಿಯ ಮರದ ಮೇಣ) ಅಥವಾ ಜೇನುಮೇಣ ಎಂದು ಬರೆದಿದ್ದರೆ ಒಳ್ಳೆಯದು. ಹಳೆಯ ಮನೆಗಳ ಕೆಂಪು ನೆಲಕ್ಕೆ ಹಚ್ಚುತ್ತಿದ್ದ ಬಣ್ಣದ ಮೇಣವನ್ನು ಮಾತ್ರ ತರಬೇಡಿ, ವೆನೀರ್ ಕೆಂಪಾಗುತ್ತದೆ.

ಹೆಚ್ಚಿನವರು ಎಡವುವುದು ಎಷ್ಟು ಹಚ್ಚಬೇಕು ಎಂಬಲ್ಲಿ. ದೋಸೆ ಕಾವಲಿಗೆ ಎಣ್ಣೆ ಸವರಿ ಬಟ್ಟೆಯಲ್ಲಿ ಒರೆಸಿದ ಮೇಲೆ ಎಷ್ಟು ಉಳಿಯುತ್ತದೆಯೋ ಅಷ್ಟು ಸಾಕು. ಮೆತ್ತನೆಯ ಹತ್ತಿ ಬಟ್ಟೆಯಲ್ಲಿ ಸ್ವಲ್ಪ ಮೇಣ ತೆಗೆದುಕೊಂಡು ಮೇಜಿಗೆಲ್ಲ ತೆಳುವಾಗಿ ಸವರಿ. ಹತ್ತು ಹದಿನೈದು ನಿಮಿಷ ಬಿಡಿ. ಮೇಣದಲ್ಲಿ ಬೆರೆತ ಟರ್ಪೆಂಟೈನ್ ಆರಿ ಮೇಲೆ ಮಬ್ಬು ಕಟ್ಟುತ್ತದೆ. ಆಗ ಒಣ ಬಟ್ಟೆಯಲ್ಲಿ ಕೈ ನೋಯುವವರೆಗೆ ಉಜ್ಜಿ. ಅಂಗೈ ಇಟ್ಟು ಎಳೆದರೆ ಎಲ್ಲೂ ಅಂಟಬಾರದು, ಬೆರಳ ಗುರುತು ಮೂಡಬಾರದು. ಗುರುತು ಮೂಡಿದರೆ ಮೇಣ ಹೆಚ್ಚಾಗಿದೆ, ಇನ್ನೂ ಉಜ್ಜಬೇಕು. ದಪ್ಪಗೆ ಬಿಟ್ಟ ಮೇಣ ನುಣುಪು ಕೊಡುವುದಿಲ್ಲ, ಹುಡಿ ಹಿಡಿದು ಹಲಗೆಯನ್ನು ತಡೆಯುತ್ತದೆ. ಹೀಗೆ ಎರಡು ಸಲ ಮಾಡಿ.

ಮೇಜಿನ ಜತೆಗೆ, ಹಲಗೆಯನ್ನು ಒರಗಿಸಿ ತಳ್ಳುವ ಪಕ್ಕದ ಪಟ್ಟಿಯಾದ ಫೆನ್ಸ್‌ನ ಮುಖ, ಮೈಟರ್ ಗೇಜ್ (ಹಲಗೆಯನ್ನು ಕೋನಕ್ಕೆ ಹಿಡಿದು ತಳ್ಳುವ ಸಾಧನ) ಓಡುವ ತೋಡು, ಸ್ಲೆಡ್ (ಹಲಗೆ ಇಟ್ಟು ತಳ್ಳುವ ಜಾರುಮಣೆ) ಇದ್ದರೆ ಅದರ ಅಡಿ, ಇವಕ್ಕೂ ಹಚ್ಚಿ. ನೀವು ಹೇಳುವ ತಡೆ ಮೇಜಿನಲ್ಲಿ ಅಷ್ಟೇ ಅಲ್ಲ, ಫೆನ್ಸ್ ಮುಖದಲ್ಲೂ ಇರಬಹುದು. ಸಾಗುವಾನಿಯ ಎಣ್ಣೆ ಅಲ್ಲಿ ಕಟ್ಟಿಕೊಳ್ಳುತ್ತದೆ.

ಭೋಸರಿ ಫಿಟ್ಟರ್

ನಾನು ಮರದವನಲ್ಲ, ಲೋಹದವನು. ಭೋಸರಿಯ ಮಷಿನ್ ಶಾಪ್‌ನಲ್ಲಿ ಅಳತೆಗೆ ಬಳಸುವ ಸಮತಟ್ಟಾದ ಬೀಡು ಕಬ್ಬಿಣದ ಸರ್ಫೇಸ್ ಪ್ಲೇಟ್‌ಗಳನ್ನು ದಿನವೂ ನೋಡಿಕೊಳ್ಳುವ ಕೆಲಸ. ಆಚಾರ್ಯರು ಹೇಳಿದ ಮೇಣ ಸರಿಯಾದ ಉತ್ತರ. ಆದರೆ ಮೇಣ ತುಕ್ಕನ್ನು ನಿಧಾನಗೊಳಿಸುತ್ತದೆ ಅಷ್ಟೆ, ಪೂರ್ತಿ ತಡೆಯುವುದಿಲ್ಲ. ತುಕ್ಕು ಏಕೆ ಬರುತ್ತಿದೆ ಎಂದು ತಿಳಿದುಕೊಂಡರೆ ಉಳಿದದ್ದು ಸುಲಭ.

ಬೆಳಿಗ್ಗೆಯೇ ಚುಕ್ಕೆ ಕಾಣಿಸುತ್ತದೆ ಎಂದಿರಿ. ಜುಲೈಯಲ್ಲಿ ನಿಮ್ಮ ಕಡೆ ಗಾಳಿ 28 ಡಿಗ್ರಿ, ಆರ್ದ್ರತೆ 90 ಪ್ರತಿಶತ ಇದ್ದರೆ, ಆ ಗಾಳಿಯ ಇಬ್ಬನಿ ಬಿಂದು (ತೇವ ನೀರಾಗಿ ಕೂರಲು ಶುರುವಾಗುವ ಉಷ್ಣಾಂಶ) ಸುಮಾರು 26 ಡಿಗ್ರಿ. ರಾತ್ರಿಯಿಡೀ ತಣ್ಣಗಾದ ಭಾರದ ಕಬ್ಬಿಣ ಬೇಗ ಬಿಸಿಯಾಗುವುದಿಲ್ಲ. ಶಟರ್ ಎತ್ತಿದೊಡನೆ ಹೊರಗಿನ ಬೆಚ್ಚನೆಯ ಒದ್ದೆ ಗಾಳಿ ಒಳಗೆ ನುಗ್ಗುತ್ತದೆ. ಮೇಜು ಗಾಳಿಗಿಂತ ಎರಡು ಡಿಗ್ರಿ ತಣ್ಣಗಿದ್ದರೂ ಸಾಕು, ಅದರ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾಗಿ ನೀರು ಕೂರುತ್ತದೆ. ಮಳೆಹನಿ ಬೀಳಬೇಕೆಂದೇ ಇಲ್ಲ.

ಅದರ ಮೇಲೆ ಉಪ್ಪು. ಭಾಯಂದರ್‌ನಿಂದ ವಸಾಯಿವರೆಗೆ ಖಾರಿ (ಕಡಲ ನೀರು ಒಳನುಗ್ಗುವ ಹಿನ್ನೀರು), ಉಪ್ಪಿನಗದ್ದೆ. ಗಾಳಿಯಲ್ಲಿ ಬರುವ ಉಪ್ಪಿನ ಕಣ ಮೇಜಿನ ಮೇಲೆ ಕೂತರೆ, ಸುಮಾರು 75 ಪ್ರತಿಶತ ಆರ್ದ್ರತೆಯಲ್ಲೇ ಅಡುಗೆ ಉಪ್ಪು ನೀರು ಹೀರಿ ಕರಗುತ್ತದೆ. ಸಮುದ್ರದ ಉಪ್ಪಿನಲ್ಲಿರುವ ಮೆಗ್ನೀಸಿಯಂ ಕ್ಲೋರೈಡ್ ಅದಕ್ಕಿಂತ ಬಹಳ ಮೊದಲೇ ನೀರು ಹಿಡಿಯುತ್ತದೆ. ಅಂಗೈ ಬೆವರಿನಲ್ಲೂ ಉಪ್ಪಿದೆ. ಮೇಜಿನ ಮೇಲೆ ಕೈ ಊರಿದ ಜಾಗದಲ್ಲಿ ಮರುದಿನ ಬೆರಳುಗಳ ಆಕಾರದಲ್ಲಿಯೇ ತುಕ್ಕು ಬರುವುದನ್ನು ನಮ್ಮ ಶಾಪ್‌ನಲ್ಲಿ ಹೊಸ ಹುಡುಗರಿಗೆ ತೋರಿಸುತ್ತೇವೆ.

ಮೂರನೆಯದು ನಿಮ್ಮದೇ ಮರದ ಹುಡಿ. ಹುಡಿ ನೀರು ಹೀರುತ್ತದೆ. ಸಂಜೆ ಗುಡಿಸದೆ ಬಿಟ್ಟ ಹುಡಿಯ ಕೆಳಗೆ ಕಬ್ಬಿಣ ಇಡೀ ರಾತ್ರಿ ಒದ್ದೆಯಾಗಿರುತ್ತದೆ. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಹುಡಿಯಂತೂ ಹಿಟ್ಟಿನಷ್ಟು ನಯ, ಇನ್ನೂ ಕೆಟ್ಟದ್ದು. ಮೇಣಕ್ಕಿಂತ ಮೊದಲು ಸಂಜೆ ಬ್ರಷ್ ಹಿಡಿದು ಹುಡಿ ತೆಗೆಯುವ ಅಭ್ಯಾಸ ಬರಬೇಕು.

ವಸಾಯಿ ಮರಗೆಲಸ

ಬಹಳ ಉಪಕಾರವಾಯಿತು. ಸಂಜೆ ಹುಡಿ ಬಿಟ್ಟೇ ಹೋಗುತ್ತೇವೆ, ಬೆಳಿಗ್ಗೆ ಹುಡುಗ ಗುಡಿಸುತ್ತಾನೆ. ಅದನ್ನು ಇಂದಿನಿಂದಲೇ ಬದಲಿಸುತ್ತೇನೆ. ಈಗ ಆಗಿರುವ ತುಕ್ಕನ್ನು ತೆಗೆಯುವುದು ಹೇಗೆ? ಎರಡು ಜಾಗದಲ್ಲಿ ಚಹಾ ಗ್ಲಾಸಿನ ದುಂಡು ಗುರುತೂ ಇದೆ, ಹಳೆಯ ಮಾಲೀಕರ ಕಾಲದ್ದು. ಫೆವಿಕಾಲ್ ಒಣಗಿದ ಹನಿಗಳೂ ಇವೆ. ಗ್ರೈಂಡರ್ ಹಾಕಿ ಉಜ್ಜಬಹುದೇ?

ಭೋಸರಿ ಫಿಟ್ಟರ್

ಗ್ರೈಂಡರ್ ಹಾಕಿದರೆ ಮೇಜು ಹೋಯಿತೆಂದೇ ತಿಳಿಯಿರಿ. ಕಾರ್ಖಾನೆಯಲ್ಲಿ ಮಟ್ಟ ಮಾಡಿದ ಮೇಲ್ಮೈಯಲ್ಲಿ ಕುಳಿ ಬಿದ್ದರೆ ಮತ್ತೆ ಸರಿಮಾಡಲು ದೊಡ್ಡ ಮಷಿನ್‌ಗೇ ಒಯ್ಯಬೇಕು. ಕೈಯಲ್ಲೇ ಮಾಡಿ.

ಪ್ಲಗ್ ತೆಗೆದುಬಿಡಿ. ಸ್ವಿಚ್ ಆರಿಸಿದರೆ ಸಾಲದು. ಬ್ಲೇಡನ್ನು ಕಳಚಿ, ಅಥವಾ ಮೇಜಿನ ಕೆಳಗೆ ಪೂರ್ತಿ ಇಳಿಸಿ. ಫೆವಿಕಾಲ್ ಹನಿಯನ್ನು ರೇಜರ್ ಬ್ಲೇಡ್ ಸಿಕ್ಕಿಸಿದ ಸ್ಕ್ರೇಪರ್‌ನಿಂದ, ಬಹಳ ಓರೆಯಾಗಿ ಹಿಡಿದು, ಮೂಲೆ ಕಚ್ಚದಂತೆ ಎತ್ತಿ. ಹನಿಯ ಅಡಿಯಲ್ಲಿ ತುಕ್ಕಿರುವ ಸಂಭವ ಹೆಚ್ಚು, ಅದು ನೀರಿನ ಅಂಟು.

ಆಮೇಲೆ ಸೀಮೆಎಣ್ಣೆ ಅಥವಾ ಪೇಂಟ್ ಅಂಗಡಿಯ ಟರ್ಪೆಂಟೈನ್ ಸ್ವಲ್ಪ ಸುರಿದು, ಕಂದುಗೆಂಪು ಬಣ್ಣದ ಸ್ಕಾಚ್‌ಬ್ರೈಟ್ ಪ್ಯಾಡ್‌ನಿಂದ ಹಲಗೆ ಓಡುವ ದಿಕ್ಕಿನಲ್ಲೇ ಮುಂದೆ ಹಿಂದೆ ಉಜ್ಜಿ. ಸುತ್ತಿ ಸುತ್ತಿ ಉಜ್ಜಬೇಡಿ. ಹಲಗೆ ಓಡುವ ದಿಕ್ಕಿನಲ್ಲೇ ಗೀರುಗಳಿದ್ದರೆ ತಡೆ ಕಡಿಮೆ. ಪ್ಯಾಡ್‌ಗೆ ಬಗ್ಗದ ತುಕ್ಕಿದ್ದರೆ 400 ನಂಬರಿನ ವಾಟರ್ ಪೇಪರನ್ನು ಚಪ್ಪಟೆ ಮರದ ತುಂಡಿಗೆ ಸುತ್ತಿ ಅದೇ ಎಣ್ಣೆಯಲ್ಲಿ ಉಜ್ಜಿ. ಬೆರಳ ತುದಿಯಿಂದ ಒಂದೇ ಚುಕ್ಕೆಯನ್ನು ತಿಕ್ಕುತ್ತಾ ಕೂತರೆ ಅಲ್ಲಿ ತಗ್ಗಾಗುತ್ತದೆ. ಸುತ್ತಲಿನ ಜಾಗವನ್ನೂ ಸೇರಿಸಿ ಉಜ್ಜಬೇಕು. ಸ್ಟೀಲ್ ವುಲ್ ಬಳಸುವವರಿದ್ದಾರೆ, ಆದರೆ ಅದರ ಎಳೆಗಳು ತೋಡಿನಲ್ಲಿ ಸಿಕ್ಕಿ ಅವೇ ತುಕ್ಕು ಹಿಡಿಯುತ್ತವೆ.

ಚಹಾ ಗ್ಲಾಸಿನ ಗುರುತು ಕಪ್ಪಾಗಿಯೇ ಉಳಿಯಬಹುದು. ಉಳಿಯಲಿ. ಚಹಾದಲ್ಲಿ ಟ್ಯಾನಿನ್ ಇದೆ, ಕಬ್ಬಿಣದೊಡನೆ ಸೇರಿ ನೀಲಿಗಪ್ಪು ಬಣ್ಣವಾಗುತ್ತದೆ. ಕಣ್ಣು ಮುಚ್ಚಿ ಬೆರಳಾಡಿಸಿ, ಉಬ್ಬು ತಗ್ಗು ಸಿಗದಿದ್ದರೆ ಆ ಕಲೆಯಿಂದ ತೊಂದರೆಯಿಲ್ಲ. ಮೇಜು ಕನ್ನಡಿಯಾಗಬೇಕಿಲ್ಲ, ನುಣುಪಾಗಿ ಮಟ್ಟವಾಗಿದ್ದರೆ ಸಾಕು.

ನಿಂಬೆಹುಳಿ ಪುಡಿ, ಫಾಸ್ಫಾರಿಕ್ ಆಮ್ಲದ ತುಕ್ಕು ತೆಗೆಯುವ ದ್ರವ, ಇವೆಲ್ಲ ಕೆಲಸ ಮಾಡುತ್ತವೆ. ಆದರೆ ಅವನ್ನು ನೀರಿನಲ್ಲಿ ತೊಳೆದು ತಕ್ಷಣ ಒಣಗಿಸಬೇಕು. ಮಳೆಗಾಲದಲ್ಲಿ ದೊಡ್ಡ ಮೇಜಿಗೆ ನೀರು ಹಾಕಿದರೆ ಒರೆಸುವಷ್ಟರಲ್ಲಿ ಹೊಸ ತುಕ್ಕಿನ ಪೊರೆ ಬರುತ್ತದೆ. ಬಿಡಿಭಾಗಗಳಿಗೆ ಬಳಸಿ, ಮೇಜಿಗೆ ಬೇಡ.

ಕೊನೆಗೆ ಬಿಳಿ ಬಟ್ಟೆಯಲ್ಲಿ ಟರ್ಪೆಂಟೈನ್ ಹಾಕಿ ಒರೆಸಿ. ಬಟ್ಟೆ ಬಿಳಿಯಾಗಿಯೇ ಬರುವವರೆಗೆ ಬಟ್ಟೆ ಬದಲಿಸಿ. ಸ್ವಚ್ಛ ಮಾಡಿದ ಕಬ್ಬಿಣ ಬೆತ್ತಲೆ ಕಬ್ಬಿಣ. ಅದೇ ಗಂಟೆಯಲ್ಲಿ ಮೇಣ ಬೀಳಬೇಕು, ನಾಳೆಗೆ ಬಿಡಬಾರದು.

ಖಾರ್ಘರ್ ಇಂಟೀರಿಯರ್

ನಮ್ಮದು ಸೈಟ್ ಕೆಲಸ. ಎತ್ತಿಕೊಂಡು ಹೋಗುವ ಚಿಕ್ಕ ಟೇಬಲ್ ಸಾ, ಅಲ್ಯೂಮಿನಿಯಂ ಮೇಜು. ತುಕ್ಕಿನ ಚಿಂತೆಯಿಲ್ಲ ಎಂದು ಎಷ್ಟೋ ಜನ ಏನೂ ಹಚ್ಚುವುದಿಲ್ಲ. ಅಲ್ಯೂಮಿನಿಯಂ ತುಕ್ಕು ಹಿಡಿಯುವುದಿಲ್ಲ, ನಿಜ. ಆದರೆ ಅದರ ಮೇಲೆ ಬೂದುಬಣ್ಣದ ಆಕ್ಸೈಡ್ ಕಟ್ಟಿ ತಿಳಿ ಬಣ್ಣದ ಮರಕ್ಕೆ ಕರಿಗೀರು ಬೀಳುತ್ತದೆ. ಬಿಳಿ ಲ್ಯಾಮಿನೇಟ್ ಹಾಳೆ ಕತ್ತರಿಸುವಾಗ ಗ್ರಾಹಕರ ಮುಂದೆಯೇ ಇದಾದರೆ ಉತ್ತರ ಕೊಡುವುದು ಕಷ್ಟ. ನಾವು ಮೇಣವನ್ನೇ ಹಚ್ಚುತ್ತೇವೆ, ಗೀರು ನಿಂತಿತು.

ಕೈ ಕಟರನ್ನು ತಲೆಕೆಳಗೆ ಮಾಡಿ ಪ್ಲೈವುಡ್ ಮೇಜಿನಡಿ ಕಟ್ಟಿ ಕೆಲಸ ಮಾಡುವವರು ಮುಂಬಯಿಯಲ್ಲಿ ಸಾಕಷ್ಟಿದ್ದಾರೆ. ಆ ಸನ್‌ಮೈಕಾ ಮೇಲ್ಮೈಗೂ ಮೇಣ ಚೆನ್ನಾಗಿ ಹತ್ತುತ್ತದೆ. ಅಂಥ ಮೇಜಿಗೆ ಗಾರ್ಡ್ (ಬ್ಲೇಡಿನ ಮುಚ್ಚಳ) ಇರುವುದಿಲ್ಲ, ರೈವಿಂಗ್ ನೈಫ್ (ಬ್ಲೇಡಿನ ಹಿಂದೆ ನಿಲ್ಲುವ ಲೋಹದ ಅಲಗು) ಇರುವುದಿಲ್ಲ. ಅದು ಬೇರೆಯೇ ಅಪಾಯ, ಅದರ ಬಗ್ಗೆ ಆಚಾರ್ಯರು ಹೇಳಿದರೆ ಚೆನ್ನ.

ಇನ್ನೊಂದು ಎಚ್ಚರ: ಬ್ಲೇಡ್ ತೊಳೆಯುವ ವಾಷಿಂಗ್ ಸೋಡಾ ನೀರನ್ನು ಅಲ್ಯೂಮಿನಿಯಂ ಮೇಜಿನ ಮೇಲೆ ಚೆಲ್ಲಬೇಡಿ, ಲೋಹ ಕಪ್ಪಾಗುತ್ತದೆ.

ಕೋಥರೂಡ್ ಹವ್ಯಾಸಿ

ನಿವೃತ್ತಿಯ ನಂತರ ಬಾಲ್ಕನಿಯಲ್ಲಿ ಮರಗೆಲಸ ಹಿಡಿದವನು ನಾನು. ಎಲ್ಲರೂ ಹೇಳುವಷ್ಟು ಉಪಚಾರ ಅಗತ್ಯವೇ ಎಂದು ನನಗೆ ಅನುಮಾನ. ಪುಣೆಯಲ್ಲಿ ವರ್ಷಕ್ಕೆ ಬರುವ ಮಳೆಯೇ 700 ಮಿಲಿಮೀಟರಿನ ಆಸುಪಾಸು. ಮೂರು ತಿಂಗಳಿಗೊಮ್ಮೆ ಮೇಣ ಹಚ್ಚಿದರೆ ನನ್ನ ಮೇಜಿಗೆ ಏನೂ ಆಗುವುದಿಲ್ಲ. ಉಳಿಗಳಿಗೂ ಹತ್ತರಿಗೂ ಕೊಬ್ಬರಿ ಎಣ್ಣೆಯನ್ನೇ ಒರೆಸುತ್ತೇನೆ, ತುಕ್ಕಿನ ಸುಳಿವಿಲ್ಲ. ಜಪಾನಿನವರು ಕ್ಯಾಮೆಲಿಯಾ ಎಣ್ಣೆ ಹಚ್ಚುತ್ತಾರೆ, ನಮ್ಮವರು ಕೊಬ್ಬರಿ ಎಣ್ಣೆ ಹಚ್ಚಿದರೆ ಏನು ತಪ್ಪು? ಉಪಕರಣದ ಪೆಟ್ಟಿಗೆಯಲ್ಲಿ ಒಂದೆರಡು ಕರ್ಪೂರದ ಬಿಲ್ಲೆ ಇಡುವುದೂ ನಮ್ಮ ಮನೆಯಲ್ಲಿ ಹಿಂದಿನಿಂದ ಬಂದ ರೂಢಿ.

ರೇ ರೋಡ್ ಆಚಾರಿ

ಸರ್, ಉಳಿಗೆ ಕೊಬ್ಬರಿ ಎಣ್ಣೆ ಸರಿ, ನಾನೂ ಹಚ್ಚುತ್ತೇನೆ. ಉಳಿಯನ್ನು ಒರೆಸಿ ಕೆಲಸಕ್ಕೆ ಇಳಿಸುತ್ತೇವೆ. ಮೇಜು ಹಾಗಲ್ಲ, ಅದರ ಮೇಲೆ ದಿನವಿಡೀ ಹಲಗೆ ಹೊರಳುತ್ತದೆ. ಕೊಬ್ಬರಿ ಎಣ್ಣೆ ಒಣಗುವ ಎಣ್ಣೆಯಲ್ಲ, ಒದ್ದೆಯಾಗಿಯೇ ಇರುತ್ತದೆ. ಹಲಗೆ ಅದನ್ನು ಹೀರಿಕೊಂಡರೆ ಪಾಲಿಶ್ ಹಿಡಿಯದು, ಅಂಟೂ ಹಿಡಿಯದು. ಅಗಸೆ ಎಣ್ಣೆ ಹಚ್ಚುವವರಿಗೂ ಒಂದು ಮಾತು: ಅದು ಒಣಗುತ್ತದೆ, ಆದರೆ ಅಂಟಂಟು ಪೊರೆಯಾಗಿ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಅದು ತಾನಾಗಿಯೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಮರದ ಹುಡಿಯಿರುವ ಜಾಗದಲ್ಲಿ ಅದಕ್ಕಿಂತ ದೊಡ್ಡ ಅಪಾಯವಿಲ್ಲ. ಅಂಥ ಬಟ್ಟೆಯನ್ನು ಬಿಡಿಸಿ ಹೊರಗೆ ಒಣಹಾಕಿ, ಅಥವಾ ನೀರಿನಲ್ಲಿ ಮುಳುಗಿಸಿ ಮುಚ್ಚಳದ ಡಬ್ಬಿಯಲ್ಲಿಡಿ.

ಪುಣೆಗೆ ಮೂರು ತಿಂಗಳು ಸರಿಯಿರಬಹುದು. ಮುಂಬಯಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎರಡು ಮೂರು ವಾರಕ್ಕೊಮ್ಮೆ ಬೇಕು. ದಿನವೂ ಕೆಲಸ ನಡೆಯುವ ಮೇಜಿಗೆ ಬ್ಲೇಡಿನ ಮುಂದಿನ ಜಾಗದಲ್ಲಿ ವಾರಕ್ಕೊಮ್ಮೆ ಕೈ ಆಡಿಸಿದರೂ ಹೆಚ್ಚಲ್ಲ, ಅಲ್ಲೇ ಸವೆತ. ಕ್ಯಾಲೆಂಡರ್ ನೋಡುವುದಕ್ಕಿಂತ ಒಂದು ಹಲಗೆ ತುಂಡನ್ನು ತಳ್ಳಿ ನೋಡಿ. ಹಿಂದೆ ಜಾರುತ್ತಿದ್ದಂತೆ ಜಾರದಿದ್ದರೆ ಮೇಣ ಮುಗಿದಿದೆ.

ಡೊಂಬಿವಲಿ ಹುಡುಗ

ಕೇರಂ ಬೋರ್ಡಿನ ಪೌಡರ್ ಹಾಕಿದರೆ? ನಮ್ಮ ಸೊಸೈಟಿಯಲ್ಲಿ ಒಬ್ಬರು ಟಾಲ್ಕಂ ಪೌಡರ್ ಚಿಮುಕಿಸಿ ಕೆಲಸ ಮಾಡುತ್ತಾರೆ. ಡಬ್ಲ್ಯುಡಿ-40 ಹೊಡೆದರೆ ಸಾಲದೇ?

ಭೋಸರಿ ಫಿಟ್ಟರ್

ಟಾಲ್ಕಂ ಪೌಡರ್ ಹಾಕಿದ ಆ ಹೊತ್ತಿಗೆ ಜಾರುತ್ತದೆ, ಸುಳ್ಳಲ್ಲ. ಆದರೆ ನಾಲ್ಕು ಹಲಗೆ ಓಡಿದ ಮೇಲೆ ಹುಡಿಯ ಜತೆ ಹೋಗಿಬಿಡುತ್ತದೆ, ಮರದ ರಂಧ್ರಗಳಲ್ಲಿ ಬಿಳಿಯಾಗಿ ಕೂರುತ್ತದೆ, ತುಕ್ಕಿಗೆ ಯಾವ ತಡೆಯೂ ಅಲ್ಲ. ಕೇರಂ ಪೌಡರ್ ಕೇರಂಗೇ ಇರಲಿ.

ಡಬ್ಲ್ಯುಡಿ-40 ಅನ್ನು 1953ರಲ್ಲಿ ಅಮೆರಿಕದಲ್ಲಿ ನೀರನ್ನು ಹೊರದೂಡಲೆಂದೇ ತಯಾರಿಸಿದರು. ಒದ್ದೆಯಾದ ಮೇಜಿನಿಂದ ನೀರು ಓಡಿಸಲು, ತುಕ್ಕು ಸಡಿಲಿಸಲು ಒಳ್ಳೆಯದು. ಬಿಟ್ಟರೆ ತೆಳ್ಳನೆಯ ಎಣ್ಣೆ ಪೊರೆ ಉಳಿಯುತ್ತದೆ, ಅದಕ್ಕೆ ಹುಡಿ ಹತ್ತುತ್ತದೆ. ಹೊಡೆದು, ಉಜ್ಜಿ, ಪೂರ್ತಿ ಒರೆಸಿ ತೆಗೆದು, ಆಮೇಲೆ ಮೇಣ ಹಚ್ಚಬೇಕು. ಎಣ್ಣೆಯ ಮೇಲೆ ಮೇಣ ನಿಲ್ಲದು.

ಪೋಂಡಾ ಮರದ ಮನೆ

ಗೋವಾದಿಂದ ಬರೆಯುತ್ತಿದ್ದೇನೆ. ಇಲ್ಲಿ ವರ್ಷಕ್ಕೆ 3000 ಮಿಲಿಮೀಟರ್ ಹತ್ತಿರ ಮಳೆ. ನಮ್ಮ ಶೆಡ್ಡಿನ ಗೋಡೆ ಕೆಂಪುಕಲ್ಲಿನದು, ಜುಲೈಯಲ್ಲಿ ಕಲ್ಲೇ ಬೆವರುತ್ತದೆ. ಹಲಸು, ಮತ್ತಿ, ಮಾವು ಎಲ್ಲ ಇದೇ ಟೇಬಲ್ ಸಾ ಮೇಲೆ ಕೊಯ್ಯುತ್ತೇವೆ. ಪೂರ್ತಿ ಒಣಗದ ಮರವನ್ನು ರಾತ್ರಿ ಮೇಜಿನ ಮೇಲೆ ಬಿಟ್ಟರೆ ಬೆಳಿಗ್ಗೆ ಹಲಗೆಯಷ್ಟೇ ಅಗಲದ ಕಪ್ಪು ಕಲೆ ಮೇಜಿಗೆ, ಅದಕ್ಕಿಂತ ಕೆಟ್ಟ ಕಲೆ ಹಲಗೆಗೆ. ಮೇಜನ್ನು ಕಟ್ಟೆಯಂತೆ ಬಳಸಬಾರದು ಎಂದು ನಮ್ಮಲ್ಲಿ ಕಟ್ಟುನಿಟ್ಟು.

ಮುಚ್ಚುವುದರ ಬಗ್ಗೆ ಯಾರೂ ಹೇಳಿಲ್ಲ. ಪ್ಲಾಸ್ಟಿಕ್ ಹಾಳೆಯನ್ನು ನೇರವಾಗಿ ಕಬ್ಬಿಣದ ಮೇಲೆ ಹೊದಿಸುವುದು ಎಲ್ಲರೂ ಮಾಡುವ ಕೆಲಸ, ಮತ್ತು ಎಲ್ಲಕ್ಕಿಂತ ಹಾನಿಯ ಕೆಲಸ. ಒಳಗೆ ಸಿಕ್ಕ ತೇವ ಹೊರಗೆ ಹೋಗದೆ ಹಾಳೆಯ ಅಡಿಯಲ್ಲೇ ಹನಿಗಟ್ಟುತ್ತದೆ. ನಾವು ದಪ್ಪ ಹತ್ತಿ ಜಮಖಾನೆ ಹಾಸಿ, ಅದರ ಮೇಲೆ ಮೇಜಿನ ಅಳತೆಗೆ ಕತ್ತರಿಸಿದ ಪ್ಲೈವುಡ್ ಇಡುತ್ತೇವೆ. ಹಂಚು ಸೋರಿದರೂ ಹನಿ ಪ್ಲೈವುಡ್ ಮೇಲೆ ನಿಲ್ಲುತ್ತದೆ. ಜಮಖಾನೆಯನ್ನು ಬಿಸಿಲು ಬಂದಾಗಲೆಲ್ಲ ಒಣಗಿಸಬೇಕು. ಒದ್ದೆ ಜಮಖಾನೆ ಹಾಸುವುದಕ್ಕಿಂತ ಏನೂ ಹಾಸದಿರುವುದೇ ಮೇಲು.

ಮೇಣ ನಾವೇ ಮಾಡಿಕೊಳ್ಳುತ್ತೇವೆ. ಜೇನುಮೇಣ ಒಂದು ಪಾಲು, ಕಾರ್ನೌಬಾ ಅರ್ಧ ಪಾಲು, ಟರ್ಪೆಂಟೈನ್ ನಾಲ್ಕರಿಂದ ಐದು ಪಾಲು, ಎಲ್ಲ ತೂಕದಲ್ಲಿ. ಬರಿಯ ಜೇನುಮೇಣ 62–64 ಡಿಗ್ರಿಗೆ ಕರಗುವ ಮೆತ್ತನೆಯ ವಸ್ತು, ಏಪ್ರಿಲ್ ಸೆಕೆಯಲ್ಲಿ ಸ್ವಲ್ಪ ಅಂಟುತ್ತದೆ. ಕಾರ್ನೌಬಾ ಬ್ರೆಜಿಲ್‌ನ ತಾಳೆ ಜಾತಿಯ ಮರದ ಎಲೆಯಿಂದ ಬರುವ ಮೇಣ, ಕರಗಲು 82 ಡಿಗ್ರಿ ದಾಟಬೇಕು, ಗಟ್ಟಿ. ಎರಡೂ ಸೇರಿದರೆ ಹದ ಬರುತ್ತದೆ. ಕಾರ್ನೌಬಾ ಸಿಗದಿದ್ದರೆ ಬಿಳಿ ಮೋಂಬತ್ತಿಯನ್ನೇ ತುರಿದು ಹಾಕಿ, ಅದು ಪ್ಯಾರಾಫಿನ್. ಸಾಕಷ್ಟು ಒಳ್ಳೆಯ ಕೆಲಸ ಮಾಡುತ್ತದೆ.

ಮಾಡುವಾಗ ಎಚ್ಚರ: ಟರ್ಪೆಂಟೈನ್‌ನ ಆವಿಗೆ ಬೇಗ ಬೆಂಕಿ ಹತ್ತುತ್ತದೆ. ಮೇಣವನ್ನಷ್ಟೇ ಬಿಸಿನೀರಿನ ಪಾತ್ರೆಯೊಳಗೆ ಇಟ್ಟ ಡಬ್ಬಿಯಲ್ಲಿ ಕರಗಿಸಿ, ಒಲೆ ಆರಿಸಿ, ಡಬ್ಬಿಯನ್ನು ಹೊರಗೆ ಅಂಗಳಕ್ಕೆ ತಂದು, ಅಲ್ಲಿ ಟರ್ಪೆಂಟೈನ್ ಬೆರೆಸಿ ಕಲಕಿ. ಮನೆಯೊಳಗೆ ಬೇಡ.

ವಸಾಯಿ ಮರಗೆಲಸ

ಅಕ್ಕ, ತುಂಬಾ ಉಪಯುಕ್ತವಾಗಿ ಬರೆದಿದ್ದೀರಿ. ಮಷಿನ್ ಒಳಗೆ ರಾತ್ರಿ 60 ವ್ಯಾಟ್‌ನ ಹಳೆಯ ಬಲ್ಬ್ ಹಚ್ಚಿಟ್ಟರೆ ಕಬ್ಬಿಣ ಬೆಚ್ಚಗಿರುತ್ತದೆ, ಇಬ್ಬನಿ ಕೂರುವುದಿಲ್ಲ ಎಂದು ಒಬ್ಬರು ಹೇಳಿದರು. ಮಾಡಬಹುದೇ?

ಭೋಸರಿ ಫಿಟ್ಟರ್

ಲೆಕ್ಕ ಸರಿ, ಜಾಗ ತಪ್ಪು. ಕಬ್ಬಿಣ ಗಾಳಿಗಿಂತ ಒಂದೆರಡು ಡಿಗ್ರಿ ಬೆಚ್ಚಗಿದ್ದರೆ ಇಬ್ಬನಿ ಕೂರದು. ಆದರೆ ಟೇಬಲ್ ಸಾ ಹೊಟ್ಟೆಯ ತುಂಬ ಮರದ ಹುಡಿ. ಬಿಸಿ ಬಲ್ಬ್‌ನ ಮೇಲೆ ಹುಡಿ ಕೂತು ಕರಿಯಾದರೆ, ಯಾರೂ ಇಲ್ಲದ ರಾತ್ರಿ ಏನಾದೀತು? ನಾನು ಒಪ್ಪುವುದಿಲ್ಲ. ಅದರ ಬದಲು ಬೆಳಿಗ್ಗೆ ಶಟರ್ ಎತ್ತಿದೊಡನೆ ಮೇಜಿನ ಮೇಲೆ ಫ್ಯಾನ್ ಹಾಕಿ, ಒಣ ಬಟ್ಟೆಯಲ್ಲಿ ಒರೆಸಿ. ಕೋಣೆ ಮುಚ್ಚಿಡಲು ಬರುವಂತಿದ್ದರೆ ಗಾಳಿಯ ತೇವ ತೆಗೆಯುವ ಡಿಹ್ಯೂಮಿಡಿಫೈಯರ್. ಮೂರು ಕಡೆ ತೆರೆದ ಶೆಡ್ಡಿನಲ್ಲಿ ಅದಕ್ಕೆ ಹಣ ಹಾಕಬೇಡಿ.

ಇನ್ನೊಂದು ಉಪಾಯ ನಮ್ಮ ಕಡೆಯದು. ಚಾಕಣ್, ಭೋಸರಿಯ ಕಾರ್ಖಾನೆಗಳು ಯಂತ್ರದ ಭಾಗಗಳನ್ನು ಹಡಗಿನಲ್ಲಿ ಕಳಿಸುವಾಗ ವಿಸಿಐ ಕಾಗದದಲ್ಲಿ ಸುತ್ತುತ್ತಾರೆ. ಆ ಕಾಗದದಿಂದ ಬರುವ ಆವಿ ಕಬ್ಬಿಣದ ಮೇಲೆ ಕೂತು ತುಕ್ಕನ್ನು ತಡೆಯುತ್ತದೆ. ಪ್ಯಾಕಿಂಗ್ ಸಾಮಾನಿನ ಅಂಗಡಿಯಲ್ಲಿ ರೋಲ್ ಸಿಗುತ್ತದೆ. ಊರಿಗೆ ಹೋಗುವಾಗ, ಗಣಪತಿ ರಜೆಯಲ್ಲಿ, ಮೇಜಿನ ಮೇಲೆ ಅದನ್ನು ಹಾಸಿ ಮೇಲಿಂದ ಹೊದಿಕೆ ಬಿಗಿಯಾಗಿ ಕಟ್ಟಿ. ಇಲ್ಲಿ ಮಾತ್ರ ಪ್ಲಾಸ್ಟಿಕ್ ಸರಿ, ಏಕೆಂದರೆ ಆವಿ ಒಳಗೇ ಉಳಿಯಬೇಕು. ತೆರೆದಿಟ್ಟರೆ ಕೆಲವೇ ದಿನದಲ್ಲಿ ಬರಿಯ ಕಾಗದ. ಕೋಥರೂಡ್ ಸರ್ ಹೇಳಿದ ಕರ್ಪೂರವೂ ಮುಚ್ಚಿದ ಪೆಟ್ಟಿಗೆಗೇ ಹೊಂದುವಂಥದ್ದು, ತೆರೆದ ಮೇಜಿಗೆ ಹೊಂದದು.

ಪಿಂಪರಿ ಬಡಿಗೇರ

ಒಂದು ಮಾತು ನಾನೂ ಸೇರಿಸುತ್ತೇನೆ. ಖಂಡೆ ನವಮಿಗೆ ನಾವು ಎಲ್ಲ ಮಷಿನ್‌ಗಳಿಗೆ ಪೂಜೆ ಮಾಡುತ್ತೇವೆ. ಮೇಜಿನ ಮೇಲೆ ಒದ್ದೆ ಕುಂಕುಮ, ವಿಭೂತಿ, ಚೆಂಡುಹೂವಿನ ಹಾರ, ಒಡೆದ ತೆಂಗಿನಕಾಯಿಯ ನೀರು. ಮರುದಿನವೂ ಮಷಿನ್ ಮುಟ್ಟುವುದಿಲ್ಲ. ಹೂ ತೆಗೆದಾಗ ಎಸಳು ಎಸಳಾಗಿ ತುಕ್ಕು ಮೂಡಿರುತ್ತದೆ. ಪೂಜೆ ಬಿಡುವ ಮಾತೇ ಇಲ್ಲ. ಹಿಂದಿನ ದಿನ ಮೇಣ ಹಚ್ಚಿ, ಮೇಜಿನ ಮೇಲೆ ಹೊಸ ಪ್ಲೈವುಡ್ ತುಂಡು ಹಾಸಿ, ಅದರ ಮೇಲೆ ಹೂವು ಕಾಯಿ ಇಡಿ. ಕುಂಕುಮದ ಬೊಟ್ಟನ್ನು ಬಣ್ಣ ಹೊಡೆದ ಸ್ಟ್ಯಾಂಡಿಗೆ, ಮೋಟಾರಿನ ಕವಚಕ್ಕೆ ಇಟ್ಟರೆ ಶಾಸ್ತ್ರಕ್ಕೂ ಕೊರತೆಯಿಲ್ಲ. ತೆಂಗಿನಕಾಯಿಯನ್ನು ಬಾಗಿಲ ಹೊರಗೆ ಒಡೆಯಿರಿ.

ರೇ ರೋಡ್ ಆಚಾರಿ

ಖಾರ್ಘರ್‌ನವರು ಅಪಾಯದ ಮಾತು ಎತ್ತಿದ್ದಾರೆ. ನುಣುಪಿನ ಬಗ್ಗೆ ನಾನು ಇಷ್ಟು ಹಟ ಹಿಡಿಯುವುದೇ ಆ ಕಾರಣಕ್ಕೆ. ಮೇಜು ತಡೆದಾಗ ಮನುಷ್ಯ ಹೆಚ್ಚು ಬಲ ಹಾಕುತ್ತಾನೆ, ಮೈ ಮುಂದಕ್ಕೆ ಬಾಗುತ್ತದೆ. ತಡೆ ಬಿಟ್ಟ ಕ್ಷಣ ಕೈ ಬ್ಲೇಡಿನ ಕಡೆಗೇ ಹೋಗುತ್ತದೆ. ವಸಾಯಿಯವರು ಮೊದಲ ಸಂದೇಶದಲ್ಲೇ ಬರೆದಿದ್ದಾರೆ, ಥಟ್ಟನೆ ಮುಂದೆ ಹೋಗುತ್ತದೆ ಎಂದು. ಅದನ್ನು ಓದಿದಾಗ ನನಗೆ ತುಕ್ಕಿಗಿಂತ ನಿಮ್ಮ ಬೆರಳುಗಳ ಚಿಂತೆಯಾಯಿತು.

ನಿಧಾನವಾಗಿ ಎಡವುತ್ತಾ ಹೋಗುವ ಹಲಗೆ ಫೆನ್ಸ್‌ನಿಂದ ಸರಿದು ಓರೆಯಾಗುತ್ತದೆ. ಆಗ ಬ್ಲೇಡಿನ ಹಿಂದಿನ ಹಲ್ಲು ಅದನ್ನು ಎತ್ತಿ ನಿಮ್ಮ ಕಡೆಗೆ ಎಸೆಯುತ್ತದೆ. ರೈವಿಂಗ್ ನೈಫ್ ಇರುವುದು ಸೀಳಿದ ಎರಡು ಭಾಗಗಳು ಬ್ಲೇಡನ್ನು ಹಿಂಡದಂತೆ, ಹಲಗೆ ಹಿಂದಿನ ಹಲ್ಲಿಗೆ ತಾಗದಂತೆ ತಡೆಯಲಿಕ್ಕೆ. ಅದನ್ನು ಕಳಚಿಡಬೇಡಿ. ಅಗಲ ಕಡಿಮೆಯಿರುವ ಪಟ್ಟಿಯನ್ನು ತಳ್ಳುಕೋಲಿನಿಂದಲೇ ತಳ್ಳಿ. ಬ್ಲೇಡಿನ ನೇರಕ್ಕೆ ನಿಲ್ಲಬೇಡಿ. ಮೇಜು ಹೊಸದಾಗಿ ನುಣುಪಾದ ಮೊದಲ ದಿನ ಹಲಗೆ ನೀವು ಎಣಿಸಿದ್ದಕ್ಕಿಂತ ಬೇಗ ಓಡುತ್ತದೆ, ಆ ದಿನ ಕೈ ಹಗುರ ಇರಲಿ.

ಬ್ಲೇಡನ್ನೂ ನೋಡಿ. ನ್ಹಾವಾ ಶೇವಾ ಬಂದರಿಗೆ ಬಂದ ಪೆಟ್ಟಿಗೆಗಳ ಪೈನ್ ಮರ ಭಿವಂಡಿ ಕಡೆ ಅಗ್ಗಕ್ಕೆ ಸಿಗುತ್ತದೆ, ಎಲ್ಲರೂ ಕೊಯ್ಯುತ್ತಾರೆ. ಅದರ ರಾಳ ಹಲ್ಲಿನ ಪಕ್ಕದಲ್ಲಿ ಕಂದಾಗಿ ಗಟ್ಟಿಯಾಗುತ್ತದೆ. ಬ್ಲೇಡ್ ಮೊಂಡಾಯಿತು ಎಂದು ಸಾಣೆಗೆ ಕೊಡುತ್ತಾರೆ, ಎಷ್ಟೋ ಸಲ ಬೇಕಿರುವುದು ತೊಳೆಯುವುದು ಮಾತ್ರ. ಬಿಸಿನೀರಿಗೆ ವಾಷಿಂಗ್ ಸೋಡಾ ಹಾಕಿ ಸ್ವಲ್ಪ ಹೊತ್ತು ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ, ತೊಳೆದು ಕೂಡಲೇ ಒಣಗಿಸಿ, ಅದಕ್ಕೂ ತೆಳುವಾಗಿ ಮೇಣ ಒರೆಸಿ. ಕಾಸ್ಟಿಕ್ ಸೋಡಾ ಬೇಡ.

ಕೋಥರೂಡ್ ಹವ್ಯಾಸಿ

ಆಚಾರ್ಯರೇ, ಮೇಜಿಗೆ ಕೊಬ್ಬರಿ ಎಣ್ಣೆಯ ವಿಷಯದಲ್ಲಿ ನಿಮ್ಮ ಮಾತು ಒಪ್ಪಿದೆ. ಹಣ ಕೊಟ್ಟು ಪಾಲಿಶ್ ಮಾಡಿಸುವವರ ಕಷ್ಟ ಹವ್ಯಾಸಿಗೆ ಬಾರದು. ಮೂರು ತಿಂಗಳ ಲೆಕ್ಕವನ್ನು ಮಾತ್ರ ಪುಣೆಯ ಮಟ್ಟಿಗೆ ಬಿಡುವುದಿಲ್ಲ.

ವಸಾಯಿ ಮರಗೆಲಸ

ಎಲ್ಲರ ಸಲಹೆಯಂತೆ ಮಾಡಿ ಮುಗಿಸಿದೆವು, ಬರೆಯಲು ತಡವಾಯಿತು. ಸೀಮೆಎಣ್ಣೆ ಸಿಗಲಿಲ್ಲ, ಟರ್ಪೆಂಟೈನ್‌ನಲ್ಲೇ ಉಜ್ಜಿದೆವು. ಮೊದಲ ಬಟ್ಟೆ ಇಟ್ಟಿಗೆ ಬಣ್ಣಕ್ಕೆ ತಿರುಗಿತು, ಆಮೇಲೆ ಬೂದಿ ಬಣ್ಣ, ಕೊನೆಗೆ ಬಿಳಿ. ಚಹಾ ಗ್ಲಾಸಿನ ಗುರುತು ಉಳಿದಿದೆ, ಬೆರಳಿಗೆ ಸಿಗುವುದಿಲ್ಲ. ಎರಡು ಸಲ ಮೇಣ ಹಾಕಿದ ಮೇಲೆ ಸಾಗುವಾನಿ ಹಲಗೆ ಎರಡು ಬೆರಳಿನ ಒತ್ತಿಗೆ ಹೋಗುತ್ತಿದೆ. ತಡೆ ಹೆಚ್ಚಿದ್ದದ್ದು ಫೆನ್ಸ್ ಮುಖದಲ್ಲೇ, ಆಚಾರ್ಯರು ಹೇಳಿದಂತೆ ಕಂದು ಜಿಡ್ಡು ಕಟ್ಟಿತ್ತು. ಸಂಜೆ ಹುಡಿ ತೆಗೆಯದೆ ಯಾರೂ ಮನೆಗೆ ಹೋಗುವಂತಿಲ್ಲ ಎಂದು ಹೇಳಿಬಿಟ್ಟಿದ್ದೇನೆ. ಬೆಳಿಗ್ಗೆ ಫ್ಯಾನ್ ಹಾಕುತ್ತೇವೆ. ಹೊಸ ಚುಕ್ಕೆ ಬಂದಿಲ್ಲ.

ಒಂದು ಉಳಿದಿದೆ. ಬ್ಲೇಡ್ ಏರಿಸುವ ಇಳಿಸುವ ಚಕ್ರ ಬಹಳ ಬಿಗಿ. ಅಲ್ಲಿಗೆ ಗ್ರೀಸ್ ಹಾಕಬಹುದಲ್ಲವೇ?

ಭೋಸರಿ ಫಿಟ್ಟರ್

ಅಲ್ಲಿಯೂ ಬೇಡ. ಬಿಗಿಯಾಗಿರುವುದು ಬಹುಶಃ ಹಿಂದಿನವರು ಹಾಕಿದ ಗ್ರೀಸ್ ಮತ್ತು ಹುಡಿ ಸೇರಿ ಕಲ್ಲಾಗಿರುವುದರಿಂದಲೇ. ಪ್ಲಗ್ ತೆಗೆದು, ಕೆಳಗಿನಿಂದ ಟಾರ್ಚ್ ಹಾಕಿ ಗೇರಿನ ಹಲ್ಲು ನೋಡಿ. ನೈಲಾನ್ ಬ್ರಷ್‌ಗೆ ಟರ್ಪೆಂಟೈನ್ ತಾಗಿಸಿ ಹಲ್ಲು ಹಲ್ಲಿನ ನಡುವೆ ತೆಗೆಯಿರಿ, ಚಕ್ರ ತಿರುಗಿಸುತ್ತಾ ಪೂರ್ತಿ ಮೇಲಿಂದ ಕೆಳಗಿನವರೆಗೆ. ಒಣಗಿದ ಮೇಲೆ ಅದೇ ಪೇಸ್ಟ್ ಮೇಣವನ್ನು ಬ್ರಷ್‌ನಲ್ಲಿ ತೆಳುವಾಗಿ ಹಚ್ಚಿ, ಅಥವಾ ಗ್ರಾಫೈಟ್ ಪುಡಿ. ಹುಡಿ ಬೀಳುವ ಜಾಗಕ್ಕೆ ಒಣ ಜಾರುಕವೇ ಸರಿ.

ಇಷ್ಟು ಕೆಲಸವಾದ ಮೇಲೆ ಬ್ಲೇಡ್ ಮೈಟರ್ ತೋಡಿಗೆ ಸಮಾನಾಂತರವಾಗಿದೆಯೇ ಎಂದು ಒಮ್ಮೆ ನೋಡಿಬಿಡಿ. ಒಂದು ಹಲ್ಲಿಗೆ ಮಾರ್ಕರ್‌ನಲ್ಲಿ ಗುರುತು ಹಾಕಿ, ತೋಡಿನಿಂದ ಆ ಹಲ್ಲಿಗೆ ಮುಂದೆ ಅಳೆಯಿರಿ, ಬ್ಲೇಡನ್ನು ಕೈಯಲ್ಲಿ ತಿರುಗಿಸಿ ಅದೇ ಹಲ್ಲನ್ನು ಹಿಂದೆ ತಂದು ಅಳೆಯಿರಿ. ವ್ಯತ್ಯಾಸ 0.1 ಮಿಲಿಮೀಟರಿನೊಳಗೆ ಇರಬೇಕು. ಹೆಚ್ಚಿದ್ದರೆ ಮೇಜಿನಡಿಯ ಬೋಲ್ಟ್‌ಗಳ ಚಿತ್ರ ತೆಗೆದು ಇಲ್ಲಿ ಹಾಕಿ, ಯಾವುದನ್ನು ಸಡಿಲಿಸಬೇಕೆಂದು ಹೇಳುತ್ತೇನೆ.